ತಂಡಕ್ಕೊಂದು ಗೋಡೆ ಕೊಡಿ

"ನಾವೀಗ ಪೂರ್ತಿ ಅಜೈಲ್ ಮೇಡಂ, ಅದಕ್ಕೇ ಪಾರ್ಟಿಷನ್ ಎಲ್ಲಾ ತೆಗೆಸಿಬಿಟ್ವಿ." ವೈಟ್‌ಫೀಲ್ಡ್ ಕಡೆಯ ಒಂದು ಸಾಫ್ಟ್‌ವೇರ್ ಆಫೀಸಿನ ಅಡ್ಮಿನ್ ಮ್ಯಾನೇಜರ್ ಖುಷಿಯಿಂದ ಹೇಳಿದರು. ಅಜೈಲ್ ಅಂದರೆ ಸಣ್ಣ ತಂಡಗಳು ಸಣ್ಣ ಸಣ್ಣ ಹಂತಗಳಲ್ಲಿ ಸಾಫ್ಟ್‌ವೇರ್ ಮಾಡುವ ಪದ್ಧತಿ. ಉದ್ದುದ್ದ ಐದು ಸಾಲು, ಸಾಲಿಗೆ 24 ಮೇಜು. ಹತ್ತು ಗಂಟೆಗೆ ಒಂಬತ್ತು ಜನರ ಒಂದು ತಂಡ ಸ್ಟ್ಯಾಂಡಪ್‌ಗೆ, ಅಂದರೆ ದಿನಾ ನಿಂತೇ ಮಾಡುವ ಸಣ್ಣ ಮೀಟಿಂಗಿಗೆ, ಎದ್ದಿತು. ಮೇಜುಗಳ ನಡುವೆ ನಿಲ್ಲಲು ಜಾಗವಿಲ್ಲ. ಪ್ಯಾಂಟ್ರಿಗೆ ಹೋಗುವ ದಾರಿಯಲ್ಲಿ ಸಾಲಾಗಿ ನಿಂತರು. ಟೀ ಹಿಡಿದು ಬಂದವರಿಗೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಕೊನೆಯಲ್ಲಿ ನಿಂತ ಹುಡುಗಿ ಏನೋ ತೊಂದರೆ ಹೇಳುತ್ತಿದ್ದಳು, ಈ ತುದಿಯವರಿಗೆ ಕೇಳಿಸಲಿಲ್ಲ. ಆರು ನಿಮಿಷಕ್ಕೆ ಮುಗಿಸಿ, ವಾಪಸ್ ಹೋಗಿ, ಹೆಡ್‌ಫೋನ್ ಹಾಕಿಕೊಂಡರು. ಆಮೇಲೆ ಆ ಹುಡುಗಿ ಅದೇ ತೊಂದರೆಯನ್ನು ಪಕ್ಕದಲ್ಲೇ ಕೂತವನಿಗೆ ಚಾಟ್‌ನಲ್ಲಿ ಬರೆದು ಕಳಿಸಿದಳು.

ಆಫೀಸುಗಳ ಒಳಾಂಗಣ ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಇಂಥದ್ದನ್ನು ಎಷ್ಟು ಕಡೆ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ದುಡ್ಡು ಖರ್ಚು ಮಾಡಿದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ. ಗೋಡೆ ತೆಗೆದರೆ ಜನ ಮಾತಾಡುತ್ತಾರೆ ಅಂದುಕೊಂಡಿದ್ದೇ ತಪ್ಪಾಯಿತು.

2001ರಲ್ಲಿ ಅಮೆರಿಕದ ಸ್ನೋಬರ್ಡ್‌ ಎಂಬ ಕಡೆ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ಅದರ ತತ್ವಗಳಲ್ಲಿ ಒಂದು ಹೀಗಿದೆ: ತಂಡಕ್ಕೆ, ತಂಡದೊಳಗೆ ವಿಷಯ ಮುಟ್ಟಿಸಲು ಎದುರುಬದುರು ಮಾತಿಗಿಂತ ಒಳ್ಳೆಯ ದಾರಿ ಇಲ್ಲ. ಎದುರುಬದುರು ಅನ್ನುವುದನ್ನು ಎಲ್ಲರೂ ಹಿಡಿದುಕೊಂಡರು. ತಂಡದೊಳಗೆ ಅನ್ನುವುದನ್ನು ಕೈಬಿಟ್ಟರು. ಒಂಬತ್ತು ಜನರ ಮಾತು ಬೇರೆ, 120 ಜನರ ಗದ್ದಲ ಬೇರೆ, ಅಲ್ವಾ?

ಹತ್ತಿರ ಕೂರಬೇಕು ಅನ್ನುವುದೇನೋ ನಿಜ. ಎಂಐಟಿಯ ಥಾಮಸ್ ಆಲನ್ 1970ರ ದಶಕದಲ್ಲೇ ಎಂಜಿನಿಯರುಗಳ ನಡುವಿನ ಮಾತುಕತೆಯನ್ನು ಅಳೆದು ನೋಡಿದ್ದರು. ಮೇಜುಗಳ ನಡುವಿನ ದೂರ ಹೆಚ್ಚಿದಂತೆ ಮಾತು ಬಹಳ ಬೇಗ ಕಡಿಮೆಯಾಗುತ್ತದೆ. ಸುಮಾರು 50 ಮೀಟರ್ ದಾಟಿತೆಂದರೆ ಆಮೇಲೆ ಎಷ್ಟೇ ದೂರವಾದರೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ 2018ರಲ್ಲಿ ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಪ್ರಕಟಿಸಿದ ಅಧ್ಯಯನವನ್ನೂ ಓದಬೇಕು. ಎರಡು ದೊಡ್ಡ ಕಂಪನಿಗಳು ಪಾರ್ಟಿಷನ್ ತೆಗೆದು ಬಯಲು ಆಫೀಸು ಮಾಡಿಕೊಂಡಾಗ, ನೌಕರರ ಕೊರಳಿಗೆ ಸೆನ್ಸರ್ ಹಾಕಿ ಅವರು ಅಳೆದರು. ಮುಖಾಮುಖಿ ಮಾತು ಸುಮಾರು 70% ಇಳಿದಿತ್ತು. ಇಮೇಲ್, ಮೆಸೇಜು ಏರಿತ್ತು. ನಾಲ್ಕು ಕಡೆಯಿಂದಲೂ ಎಲ್ಲರೂ ನೋಡುವಾಗ, ಎಲ್ಲರಿಗೂ ಕೇಳಿಸುವಾಗ, ಮನುಷ್ಯ ಬಾಯಿ ಮುಚ್ಚಿಕೊಳ್ಳುತ್ತಾನೆ. ಅದು ಸಹಜ.

ಹಾಗಾದರೆ ಬೇಕಾಗಿರುವುದು ಏನು? ನನ್ನ ಪ್ರಕಾರ, ಬೇಕಾದ ಮಾತು ಕಿವಿಗೆ ಬೀಳಬೇಕು, ಬೇಡದ ಮಾತು ಬೀಳಬಾರದು. ಪಕ್ಕದವರು "ಈ ಡೇಟಾಬೇಸ್ ಟೇಬಲ್ಲಿನ ಹೆಸರು ಬದಲಾಯಿಸ್ತಿದೀನಿ" ಅಂದಾಗ, ಕೆಲಸ ಮಾಡುತ್ತಲೇ ನಿಮ್ಮ ಕಿವಿ ನೆಟ್ಟಗಾಗುತ್ತದೆ. "ತಡಿ ತಡಿ, ನನ್ನ ಕೋಡ್ ಅದನ್ನೇ ನಂಬ್ಕೊಂಡಿದೆ" ಅನ್ನುತ್ತೀರಿ. ಎರಡು ದಿನದ ಕೆಲಸ ಉಳಿಯಿತು. ಆ 17 ಜನರಲ್ಲಿ ಒಬ್ಬರಾದ ಅಲಿಸ್ಟರ್ ಕೋಬರ್ನ್ ಇದನ್ನು ಆಸ್ಮೋಟಿಕ್ ಸಂವಹನ ಎಂದರು, ಅಂದರೆ ಇಂಗುವ ಮಾತು. ಅದೇ ಕಿವಿಗೆ ಪಕ್ಕದ ಸೇಲ್ಸ್ ತಂಡದ ಫೋನು ಬಿದ್ದರೆ? ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳುತ್ತದೆ. ಇನ್ನೊಂದು ಕಡೆಯದನ್ನು ತಲೆ ತಾನಾಗಿಯೇ ಊಹಿಸಲು ಹೊರಡುತ್ತದೆ. ಕೆಲಸ ಅಲ್ಲಿಗೇ ಕೆಟ್ಟಿತು.

ನಮ್ಮ ಹಳೇ ಮನೆಗಳಿಗೆ ಇದು ಗೊತ್ತಿತ್ತು. ಬಂದು ಹೋಗುವವರಿಗೆ ಜಗಲಿ, ಮನೆಯವರಿಗೆ ನಡುಮನೆ, ಒಬ್ಬರೇ ಇರಬೇಕೆಂದರೆ ಕೋಣೆ. ಜಗಲಿಯಲ್ಲಿ ಕೂತವರ ಮಾತು ನಡುಮನೆಯವರಿಗೆ ಬೇಕಾದಷ್ಟೇ ಕೇಳಿಸುತ್ತಿತ್ತು.

ವೈಟ್‌ಫೀಲ್ಡಿನ ಆ ಆಫೀಸಿನಲ್ಲಿ ನಾನು ಮೊದಲು ಮಾಡಿದ್ದು ನೆಲಕ್ಕೆ ಟೇಪ್ ಅಂಟಿಸುವುದು. ಬಡಗಿಯನ್ನು ಕರೆಸಲಿಲ್ಲ, ಡ್ರಾಯಿಂಗ್ ಮಾಡಲಿಲ್ಲ. ಮೂಲೆಯಲ್ಲಿ 20 ಅಡಿಗೆ 20 ಅಡಿ ಅಳೆದು, ಆ ಒಂಬತ್ತು ಜನರ ತಂಡಕ್ಕೆ "ಎರಡು ವಾರ, ಅಂದರೆ ಒಂದು ಸ್ಪ್ರಿಂಟ್, ಇದು ನಿಮ್ಮ ಮನೆ. ಮೇಜು ಹೇಗೆ ಬೇಕೋ ಹಾಕ್ಕೊಳ್ಳಿ" ಎಂದೆ. ಮೊದಲ ದಿನ ಎಲ್ಲರೂ ಒಳಮುಖವಾಗಿ ಹಾಕಿಕೊಂಡರು. ಮೂರನೇ ದಿನ ಬದಲಾಯಿಸಿದರು. ದಿನವಿಡೀ ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುವುದು ಹಿಂಸೆ. ಬೆನ್ನಿಗೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕೂತರು. ಕುರ್ಚಿ ತಿರುಗಿಸಿದರೆ ಸಾಕು, ಎಲ್ಲರೂ ನಡುವೆ ಸೇರಿದಂತೆ. ನಾನಾಗಿದ್ದರೆ ಮೊದಲೇ ಹಾಗೆ ಮಾಡಿಕೊಡಬಹುದಿತ್ತು. ಆದರೆ ತಾವೇ ಎಳೆದು ಹಾಕಿಕೊಂಡ ಮೇಜಿನ ಮೇಲೆ ಅವರಿಗೆ ಬಂದ ಪ್ರೀತಿಯೇ ಬೇರೆ.

ಅಲ್ಲಿ ನಾವು ಬಹಳ ಯೋಚನೆ ಮಾಡಿದ್ದು ಬೋರ್ಡಿನ ಬಗ್ಗೆ. ಯಾವ ಕೆಲಸ ಎಲ್ಲಿಗೆ ಬಂತು ಎಂದು ತಂಡ ಚೀಟಿ ಅಂಟಿಸಿ ತೋರಿಸುವುದು ಅದರ ಮೇಲೆ. ಪ್ಲೈವುಡ್ ಶೀಟು ಬರುವುದೇ 8 ಅಡಿಗೆ 4 ಅಡಿ. ಒಂದು ಶೀಟಿಗೆ ಬಿಳಿ ಲ್ಯಾಮಿನೇಟ್ ಹೊಡೆಸಿದರೆ ಒಂದು ತಂಡಕ್ಕೆ ಸರಿಹೋಗುವ ಬೋರ್ಡು ಸಿದ್ಧ. ಗಾಜಿನ ಬೋರ್ಡು ಚೆಂದ ಕಾಣುತ್ತದೆ, ನಾನೂ ಹಿಂದೆ ಹಾಕಿಸಿದ್ದೇನೆ. ಆದರೆ ಕಿಟಕಿಯ ಎದುರು ಹಾಕಿದರೆ ಮಧ್ಯಾಹ್ನ ಬರೆದದ್ದೇ ಕಾಣುವುದಿಲ್ಲ, ಬರೀ ಹೊಳಪು. ಬೋರ್ಡಿನ ಮುಂದೆ ಕಡಿಮೆ ಎಂದರೆ 6 ಅಡಿ ಖಾಲಿ ಜಾಗ ಬಿಡಿ. ಅಷ್ಟಿದ್ದರೆ ಒಂಬತ್ತು ಜನ ಅರ್ಧಚಂದ್ರದ ಹಾಗೆ ನಿಲ್ಲಬಹುದು, ಯಾರೂ ಕೊನೆಯವರಾಗುವುದಿಲ್ಲ. ಚೀಟಿ ಅಂಟಿಸುವ ಕೆಳಸಾಲು ಸೊಂಟದ ಎತ್ತರಕ್ಕಿಂತ ಕೆಳಗಿರಬಾರದು. ಮಾರ್ಕರ್ ಇಡುವ ಪಟ್ಟಿ ಮರೆಯಬೇಡಿ. ಬರೆಯುವ ಪೆನ್ನು ಕೈಗೆ ಸಿಗದಿದ್ದರೆ ಆ ಬೋರ್ಡು ಗೋಡೆಗೆ ಅಲಂಕಾರ ಅಷ್ಟೇ.

ಈಗ ಸದ್ದಿನ ವಿಷಯ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಆದರೆ ಮೇಲೆ ಬರೀ ಕಾಂಕ್ರೀಟು, ಕೆಳಗೆ ಟೈಲ್ಸು, ಸುತ್ತ ಗಾಜು ಇರುವ ಹಾಲ್‌ನಲ್ಲಿ ಅಷ್ಟು ಇಳಿಯುವುದಿಲ್ಲ, ಬಡಿದು ವಾಪಸ್ ಬರುತ್ತದೆ. ಫಾಲ್ಸ್ ಸೀಲಿಂಗ್ ತೆಗೆದು ಪೈಪುಗಳನ್ನು ತೋರಿಸುವ ಫ್ಯಾಷನ್ ಈಗ ಜೋರಾಗಿದೆ. ದಯವಿಟ್ಟು ತಂಡಗಳು ಕೂರುವ ಜಾಗದ ಮೇಲಾದರೂ ಸದ್ದು ಹೀರುವ ಹಲಗೆ ಹಾಕಿಸಿ. ತಂಡ ತಂಡದ ನಡುವೆ ಪುಸ್ತಕದ ಕಪಾಟು ಅಥವಾ ಐದಡಿ ಎತ್ತರದ, ಬಟ್ಟೆ ಹೊದಿಸಿದ ಪಾರ್ಟಿಷನ್ ಸಾಕು. ಕೂತಾಗ ಮರೆ, ನಿಂತಾಗ ಕಾಣುವ ಹಾಗೆ.

ಇಷ್ಟಾದರೂ ಒಬ್ಬರೇ ಕೂತು ತಲೆ ಓಡಿಸುವ ಹೊತ್ತು ಬಂದೇ ಬರುತ್ತದೆ. ತಂಡದಿಂದ ಹತ್ತು ಹೆಜ್ಜೆಯೊಳಗೆ ಒಂದೆರಡು ಸಣ್ಣ ಕೋಣೆ ಬೇಕು. ಇಲ್ಲಿ ಗಾಳಿಯನ್ನು ಎಲ್ಲರೂ ಮರೆಯುತ್ತಾರೆ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡುತ್ತದೆ, ಹೊಸ ಗಾಳಿ ತರುವುದಿಲ್ಲ. 10 ಅಡಿಗೆ 12 ಅಡಿಯ ಮೀಟಿಂಗ್ ರೂಮಿನಲ್ಲಿ ಎಂಟು ಜನ ಬಾಗಿಲು ಹಾಕಿಕೊಂಡು ಕೂತರೆ, ಹೊರಗೆ ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲಿಗೆ 420 ಪಾಲು) ಇರುವ ಕಾರ್ಬನ್ ಡೈಆಕ್ಸೈಡ್ ಅರ್ಧ ಗಂಟೆಯೊಳಗೆ 1,500 ದಾಟುತ್ತದೆ. ಸ್ಪ್ರಿಂಟ್ ಮುಗಿದ ಮೇಲೆ ಹಿಂತಿರುಗಿ ನೋಡುವ ರೆಟ್ರೊ ಮೀಟಿಂಗಿನಲ್ಲಿ ಎಲ್ಲರೂ ಆಕಳಿಸಿದರೆ ತಂಡವನ್ನು ಬೈಯಬೇಡಿ, ಹೊರಗಿನ ಗಾಳಿ ತರುವ ಫ್ಯಾನ್ ಇದೆಯಾ ನೋಡಿ.

ಮನೆಯಿಂದ ಕೆಲಸ ಮಾಡುವವರ ಪ್ರಶ್ನೆ ಬೇರೆ. ತಂಡದಲ್ಲಿ ಇಬ್ಬರು ಮನೆಯಲ್ಲಿದ್ದರೂ ಚೀಟಿ ಬೋರ್ಡು ಅವರಿಗೆ ಕಾಣುವುದಿಲ್ಲ. ಅಂಥ ತಂಡಕ್ಕೆ ಗಾಲಿ ಇರುವ ಸ್ಟ್ಯಾಂಡಿನ ಮೇಲೆ ದೊಡ್ಡ ಟಿವಿ, ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಕೊಡುತ್ತೇನೆ. ಟಿವಿ ಇಡೀ ದಿನ ಅಲ್ಲೇ ನಿಂತಿರಬೇಕು. ಮೀಟಿಂಗಿಗೆ ಮಾತ್ರ ಎಳೆದು ತರುವುದಾದರೆ ಮನೆಯಲ್ಲಿರುವವರು ಆ ಹದಿನೈದು ನಿಮಿಷಕ್ಕಷ್ಟೇ ತಂಡದವರು.

ದಿನಾ ಬೇರೆ ಬೇರೆ ಮೇಜು ಹುಡುಕಿಕೊಳ್ಳುವ ಹಾಟ್ ಡೆಸ್ಕ್ ಪದ್ಧತಿಗೆ ನನ್ನ ವಿರೋಧವಿದೆ. ಬಾಡಿಗೆ ಉಳಿಯುತ್ತದೆ ನಿಜ. ಮೇಜು ಹಂಚಿಕೊಳ್ಳಲೇಬೇಕಿದ್ದರೆ ತಂಡದೊಳಗೆ ಹಂಚಿಕೊಳ್ಳಲಿ. ಒಂಬತ್ತು ಜನಕ್ಕೆ ಆರು ಮೇಜು ಇರಲಿ, ಆದರೆ ಅದೇ ಮೂಲೆ, ಅದೇ ಬೋರ್ಡು.

ಆ ಟೇಪಿನ ಮನೆಗೆ ಎರಡು ವಾರ ಮುಗಿದ ಮೇಲೆ ಹೋದೆ. ಟೇಪ್ ಅಲ್ಲಲ್ಲಿ ಕಿತ್ತು ಬಂದಿತ್ತು, ಯಾರೋ ಹೊಸದಾಗಿ ಅಂಟಿಸಿದ್ದರು. ಸ್ಟ್ಯಾಂಡಪ್ ನಡೆಯುತ್ತಿತ್ತು. ಪ್ಯಾಂಟ್ರಿಯ ದಾರಿಯಲ್ಲಿ ಕೊನೆಗೆ ನಿಂತಿದ್ದ ಹುಡುಗಿ ಬೋರ್ಡಿನ ಪಕ್ಕದಲ್ಲಿದ್ದಳು. ಒಂದು ಚೀಟಿಯ ಮೇಲೆ ಬೆರಳಿಟ್ಟು, "ಇದು ಇಲ್ಲೇ ನಿಂತು ನಾಲ್ಕು ದಿನ ಆಯ್ತು, ಯಾರು ಬರ್ತೀರಾ ನನ್ನ ಜೊತೆ?" ಎಂದಳು. ಇಬ್ಬರು ಕುರ್ಚಿ ಎಳೆದುಕೊಂಡು ಹೋದರು.