ಆಘಾತ: ಪೆಟ್ಟೋ, ಗಾಯವೋ?

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತದ್ದನ್ನು ಒಬ್ಬರು ‘ಟ್ರಾಮಾ’ ಎಂದಾಗ ಸುಮ್ಮನಿದ್ದೆ. ಮೊನ್ನೆ ಉಡುಪಿಯ ಮದುವೆಯಲ್ಲಿ ಎರಡನೆಯ ಪಂಕ್ತಿಗೆ ಹೋಳಿಗೆ ಮುಗಿದದ್ದೂ ‘ದೊಡ್ಡ ಆಘಾತ’ವಾಯಿತು. ಇಂಗ್ಲಿಷಿನ ‘ಟ್ರಾಮಾ’ಕ್ಕೆ ಕನ್ನಡದಲ್ಲಿ ನಾವು ಇಟ್ಟುಕೊಂಡ ಪದವೇ ‘ಆಘಾತ’. ಇನ್ನು ಸುಮ್ಮನಿರಲಾರೆ.

ಆಘಾತದ ಬೇರು ಸಂಸ್ಕೃತದ ‘ಹನ್’ ಧಾತು: ಹೊಡೆ, ಕೊಲ್ಲು. ಹತ, ಹತ್ಯೆ, ಘಾತಕ, ಶತ್ರುಘ್ನ ಎಲ್ಲ ಅದೇ ಮನೆತನದವು. ಹೊಡೆತವಿಲ್ಲದೆ ಹುಟ್ಟುವ ನಾದಕ್ಕೆ ‘ಅನಾಹತ’ ಎನ್ನುತ್ತೇವಲ್ಲ, ಅದೂ ಅಲ್ಲಿಂದಲೇ. ಹಾಗಾಗಿ ಆಘಾತವೆಂದರೆ ಪೆಟ್ಟು, ಬಿದ್ದಲ್ಲಿಗೆ ಮುಗಿಯಿತು. ಹೃದಯಾಘಾತ, ವಿದ್ಯುದಾಘಾತ ಎನ್ನುವಾಗ ಪದ ಸರಿಯಾಗಿಯೇ ಕೂರುತ್ತದೆ. ಆದರೆ ಗ್ರೀಕ್ ಮೂಲದ ‘ಟ್ರಾಮಾ’ ಪೆಟ್ಟಲ್ಲ, ಗಾಯ. ಆಸ್ಪತ್ರೆಗಳ ‘ಟ್ರಾಮಾ ಕೇಂದ್ರ’ದ ಫಲಕದಲ್ಲಿ ಆ ಅರ್ಥ ಇನ್ನೂ ಉಳಿದಿದೆ. ನಾವು ಗಾಯಕ್ಕೆ ಪೆಟ್ಟಿನ ಹೆಸರಿಟ್ಟು ಕುಳಿತಿದ್ದೇವೆ.

ಈ ಎಡವಟ್ಟು ಎದ್ದು ಕಾಣುವುದು ರಾಜಕೀಯ ಕಾರಣಕ್ಕೆ ಸೆರೆಮನೆ ಕಂಡವರ ವಿಷಯದಲ್ಲಿ. 1975–77ರ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಒಳಗಿಡುವ ಮೀಸಾ ಕಾಯ್ದೆಯಡಿ ಬಂಧಿತರಾದವರಿಗೆ ಕಾರಣ ತಿಳಿಸಬೇಕಾಗಿರಲಿಲ್ಲ. ಶಿಕ್ಷೆಯಾದ ಕಳ್ಳನಿಗಾದರೂ ಬಿಡುಗಡೆಯ ತಾರೀಕು ಗೊತ್ತಿರುತ್ತದೆ. ಇವರಿಗೆ ಅದೂ ಇಲ್ಲ. ಇಲ್ಲಿ ಪೆಟ್ಟು ಯಾವ ದಿನ ಬಿತ್ತು ಎನ್ನುವುದು?

ಹಾಗೆ ಒಳಗಿದ್ದು ಬಂದ ನಮ್ಮ ದೊಡ್ಡಪ್ಪನಿಗೆ ಜೈಲಿನಲ್ಲಿ ಯಾರೂ ಹೊಡೆದಿರಲಿಲ್ಲ. ಆದರೂ ಕೊನೆಯವರೆಗೆ ಅವರು ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಲಿಲ್ಲ. ಒಳಗಿದ್ದಷ್ಟು ಹೊತ್ತೂ ಕೆಮ್ಮುತ್ತಿದ್ದರು. ಬೆಳಗಿನ ಜಾವ ಗೇಟಿನ ಬಳಿ ವಾಹನ ನಿಂತರೆ ಎದ್ದು ಅಂಗಿ ಹಾಕಿಕೊಂಡು, ಗುಂಡಿ ಹಾಕಿ, ಮಂಚದ ಅಂಚಿನಲ್ಲಿ ಕೂರುತ್ತಿದ್ದರು. “ಹಾಲಿನ ವ್ಯಾನು, ಮಲಗಿ ನೀವು” ಎನ್ನುತ್ತಿದ್ದರು ದೊಡ್ಡಮ್ಮ. ಮನೆಯಲ್ಲಿ ಇದಕ್ಕೆ ‘ಅವರ ಸ್ವಭಾವ’ ಎಂಬ ಹೆಸರಿತ್ತು.

ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ (ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್) ಎಂಬ ಕಾಯಿಲೆ ಸೇರಿದ್ದು 1980ರಲ್ಲಿ. ನಮ್ಮ ಪತ್ರಿಕೆಗಳಲ್ಲಿ ಅದು ‘ಆಘಾತೋತ್ತರ ಒತ್ತಡ’. ದೀರ್ಘಕಾಲ ಇನ್ನೊಬ್ಬರ ವಶದಲ್ಲಿ ಬದುಕಿದವರಿಗೆ ಆ ಚೌಕಟ್ಟು ಸಾಲದೆಂದು ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ವಾದಿಸಿದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಪಿಟಿಎಸ್‌ಡಿಯ ‘ಸಂಕೀರ್ಣ’ ರೂಪಕ್ಕೆ ಪ್ರತ್ಯೇಕ ಜಾಗವಿದೆ. ದುಃಸ್ವಪ್ನ, ಬೆಚ್ಚಿಬೀಳುವಿಕೆಯ ಜೊತೆಗೆ ತಾನು ಯಾತಕ್ಕೂ ಬಾರದವನೆಂಬ ಭಾವನೆ, ಹತೋಟಿಗೆ ಸಿಗದ ಸಿಟ್ಟು, ಹತ್ತಿರದವರಿಂದಲೂ ದೂರ ಸರಿಯುವುದು ಅದರ ಲಕ್ಷಣಗಳು. ಪೂರ್ವ ಜರ್ಮನಿಯ ಮಾಜಿ ರಾಜಕೀಯ ಕೈದಿಗಳಲ್ಲಿ ಬಿಡುಗಡೆಯಾಗಿ ದಶಕಗಳ ನಂತರವೂ ಸೆರೆವಾಸದ ಪರಿಣಾಮ ಕಂಡುಬಂದಿದೆ.

ಆದ್ದರಿಂದ ‘ಆಘಾತೋತ್ತರ’ದ ‘ಉತ್ತರ’ವೂ ನನಗೆ ಒಗ್ಗುವುದಿಲ್ಲ. ಗೇಟಿನ ಸದ್ದಿಗೆ ಅಂಗಿ ತೊಡುವವರಿಗೆ ಅದು ಮುಗಿದ ಸಂಗತಿಯೇ ಅಲ್ಲ. ‘ಮನೋಗಾಯ’ ಎಂದರೆ ಸಾಕಿತ್ತು, ಯಾರಿಗೂ ಅರ್ಥವಾಗುತ್ತಿತ್ತು. ಹೋಳಿಗೆಗೆ ‘ನಿರಾಶೆ’ ಧಾರಾಳವಾಯಿತು.