ಕೋಟು ಹಾಕಿದ ಡಾಕ್ಟ್ರೂ, ಅಜ್ಜಿ ಬಿಟ್ಟ ಮಾತ್ರೆಯೂ

ಮೊಳಕಾಲ್ಮೂರು ಕಡೆಯ ಒಂದು ಹಟ್ಟಿಯಿಂದ ಆಶಾ ಕಾರ್ಯಕರ್ತೆಯೊಬ್ಬರು ಫೋನ್ ಮಾಡಿದ್ದರು. "ಮೇಡಂ, ಇಲ್ಲೊಬ್ಬ ಅಜ್ಜಿ ಶುಗರ್ ಮಾತ್ರೆ ನಿಲ್ಲಿಸಿಬಿಟ್ಟಿದಾರೆ. ಟೀವಿಲಿ ತೋರಿಸಿದ ಪುಡಿ ಕುಡೀತಿದಾರೆ. ನಾನು ಹೇಳಿದ್ರೆ ಕೇಳ್ತಿಲ್ಲ."

ಆ ಭಾನುವಾರ ಹೋದೆ. ಅಜ್ಜಿ ಜಗಲಿ ಮೇಲೆ ಕೂತಿದ್ದರು. ಕಾಲಿನ ಹೆಬ್ಬೆರಳಲ್ಲಿ ಮಾಯದ ಗಾಯ. ಯಾಕಜ್ಜಿ ಮಾತ್ರೆ ಬಿಟ್ಟಿರಿ ಅಂದೆ. "ಟೀವಿನಾಗೆ ಡಾಕ್ಟ್ರೇ ಹೇಳಿದ್ರು ಕಣವ್ವ. ಬಿಳೀ ಕೋಟು ಹಾಕ್ಕಂಡಿದ್ರು" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀವಿಯಲ್ಲಿ ಬಂದದ್ದು ಯಾರೋ ನೋಡಿಯೇ ಬಿಟ್ಟಿರುತ್ತಾರೆ ಅಂತ ಆಕೆ ನಂಬಿದ್ದರು. ಹಾಗೆ ನಂಬಿದ್ದು ತಪ್ಪೂ ಅಲ್ಲ.

ನಾನು ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದವಳು. ಕೆಲವು ವರ್ಷ ಕೇಬಲ್ ಟೀವಿ ಮೇಲೆ ಕಣ್ಣಿಡುವ ಜಿಲ್ಲಾ ಸಮಿತಿಯಲ್ಲಿದ್ದೆ. ಇಂಥದೊಂದು ಸಮಿತಿ ಇದೆ ಅನ್ನೋದೇ ಚಿತ್ರದುರ್ಗದಲ್ಲಿ ನಾನು ಮಾತಾಡಿಸಿದ ಬಹಳ ಜನಕ್ಕೆ ಗೊತ್ತಿರಲಿಲ್ಲ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದ 2008ರ ಆದೇಶದಂತೆ ಇದನ್ನು ರಚಿಸುತ್ತಾರೆ. ಜಿಲ್ಲಾಧಿಕಾರಿ ಅಧ್ಯಕ್ಷರು. ಎಸ್‌ಪಿ, ವಾರ್ತಾಧಿಕಾರಿ, ಒಂದು ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು, ಮಕ್ಕಳಿಗಾಗಿ ಮತ್ತು ಹೆಣ್ಣುಮಕ್ಕಳಿಗಾಗಿ ಕೆಲಸ ಮಾಡುವ ಸಂಸ್ಥೆಗಳ ಪ್ರತಿನಿಧಿಗಳು, ಜೊತೆಗೆ ಪಾಠ ಹೇಳುವ ನನ್ನಂಥವರು ಸದಸ್ಯರು. ಕೇಬಲ್‌ನಲ್ಲಿ ಬರುವುದರ ಬಗ್ಗೆ ಯಾರು ಬೇಕಾದರೂ ಇಲ್ಲಿಗೆ ದೂರು ಕೊಡಬಹುದು.

ನಮ್ಮ ದೇಶದಲ್ಲಿ ಮಾಧ್ಯಮ ನಿಯಂತ್ರಣ ಒಂದೇ ಕೈಯಲ್ಲಿಲ್ಲ. ಸಿನಿಮಾಗೆ ಒಂದು ಮಂಡಳಿ, ಪತ್ರಿಕೆಗಳಿಗೆ ಪ್ರೆಸ್ ಕೌನ್ಸಿಲ್, ಕೇಬಲ್ ದರಕ್ಕೆ ಟ್ರಾಯ್ ಅನ್ನೋ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟೀವಿಯಲ್ಲಿ ಏನು ಬರಬೇಕು ಅನ್ನೋದಕ್ಕೆ ಸಚಿವಾಲಯ. ಇತ್ತೀಚೆಗೆ ಇವರೆಲ್ಲರ ಬಾಯಲ್ಲೂ ಸುಸ್ಥಿರ ಅಭಿವೃದ್ಧಿ ಗುರಿಗಳ ಮಾತು ಕೇಳುತ್ತೇವೆ. 2015ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳೆಲ್ಲ ಒಪ್ಪಿದ 17 ಗುರಿಗಳು, 2030ರ ಗಡುವು. ಅದಕ್ಕಾಗಿ ವಿಚಾರಗೋಷ್ಠಿ ಮಾಡುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಮಾಡಲಿ. ಆದರೆ ನನ್ನ ಅನುಭವದಲ್ಲಿ ನಿಯಂತ್ರಕರು ಈ ಗುರಿಗಳಿಗೆ ಕೊಡಬಹುದಾದ ದೊಡ್ಡ ಸಹಾಯ ಬೇರೆಯೇ ಇದೆ. ಪುಸ್ತಕದಲ್ಲಿ ಆಗಲೇ ಇರುವ ನಿಯಮವನ್ನು ಊರಿನ ಮಟ್ಟದಲ್ಲಿ ಜಾರಿ ಮಾಡುವುದು.

ಅಜ್ಜಿಯ ಪುಡಿಯನ್ನೇ ನೋಡಿ. ಕೇಬಲ್ ಟೀವಿ ನಿಯಮಗಳು 1994ರಿಂದ ಇವೆ. ಒಂದು ವಸ್ತುವಿಗೆ ಪವಾಡದಂಥ ಗುಣ ಇದೆ ಅಂತ ಜನ ತಿಳಿಯುವ ಹಾಗೆ ಜಾಹೀರಾತು ಮಾಡಬಾರದು ಅಂತ 7ನೇ ನಿಯಮ ಹೇಳುತ್ತದೆ. ಅದಕ್ಕೂ ಹಳೆಯದು 1954ರ ಕಾಯಿದೆ. ಕೆಲವು ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದೇ ಅದರ ಪ್ರಕಾರ ಅಪರಾಧ. ಆ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. ಇತ್ತ ಮೂರನೇ ಗುರಿ ಆರೋಗ್ಯದ್ದು. ಸಕ್ಕರೆ ಕಾಯಿಲೆ, ಹೃದ್ರೋಗದಂಥವುಗಳಿಂದ ಅಕಾಲದಲ್ಲಿ ಸಾಯುವವರ ಪ್ರಮಾಣವನ್ನು 2030ರ ಹೊತ್ತಿಗೆ ಮೂರನೇ ಒಂದು ಪಾಲು ಇಳಿಸಬೇಕು ಅನ್ನುತ್ತದೆ ಅದು. ಅಜ್ಜಿಯ ಜಗಲಿ ಮೇಲೆ ಈ ಮೂರೂ ಒಟ್ಟಿಗೆ ಇದ್ದವು. ಒಂದಕ್ಕೊಂದು ಗಂಟು ಹಾಕುವವರು ಇರಲಿಲ್ಲ ಅಷ್ಟೆ.

ಆಶಾ ಕಾರ್ಯಕರ್ತೆ ಆ ಜಾಹೀರಾತನ್ನು ಮೊಬೈಲ್‌ನಲ್ಲಿ ಹಿಡಿದಿಟ್ಟಿದ್ದರು. ತಾರೀಕು, ಸಮಯ ಬರೆದು ಒಂದು ಹಾಳೆ ದೂರು ಕೊಟ್ಟರು. ಸಮಿತಿ ಕೇಬಲ್‌ನವರನ್ನು ಕರೆಸಿತು. ಮೂವತ್ತೈದರ ಆಸುಪಾಸಿನ ಹುಡುಗ. ಹೆದರಿಕೊಂಡೇ ಬಂದಿದ್ದ. "ಪೆನ್‌ಡ್ರೈವ್ ಕಳಿಸ್ತಾರೆ, ತಿಂಗಳಿಗಿಷ್ಟು ಅಂತ ದುಡ್ಡು ಕೊಡ್ತಾರೆ, ನಾವು ಹಾಕ್ತೀವಿ ಮೇಡಂ. ಇಂಥ ರೂಲ್ಸ್ ಇದೆ ಅಂತ ನಮಗೆ ಯಾರೂ ಹೇಳಿಲ್ಲ" ಅಂದ. ನಾನು ಅವನನ್ನು ನಂಬಿದೆ, ಈಗಲೂ ನಂಬುತ್ತೇನೆ. ಲೈಸೆನ್ಸ್ ಕಾಗದದ ಜೊತೆ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿ ಕೊಟ್ಟಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು, ಅಲ್ವಾ?

ನಿಯಮ ಮೀರಿದ ಕಾರ್ಯಕ್ರಮವನ್ನು ತಡೆಯುವ ಅಧಿಕಾರ ಕೇಬಲ್ ಟೀವಿ ಕಾಯಿದೆಯಲ್ಲೇ ಜಿಲ್ಲಾಧಿಕಾರಿಗೆ ಇದೆ. ಅದನ್ನು ಬಳಸುವ ಅಗತ್ಯ ಬೀಳಲಿಲ್ಲ, ಅವನೇ ನಿಲ್ಲಿಸಿದ. ನನಗೆ ಮುಖ್ಯ ಅನಿಸಿದ್ದು ಆಮೇಲಿನದು. ಅದೇ ಹೊತ್ತಿಗೆ, ಅದೇ ಚಾನೆಲ್‌ನಲ್ಲಿ, ಆಸ್ಪತ್ರೆಯ ಡಾಕ್ಟರೊಬ್ಬರು ಮಾತಾಡಿದ ಅರ್ಧ ನಿಮಿಷದ ತುಣುಕು ಹಾಕಲು ಅವನು ಒಪ್ಪಿದ. ಮೂವತ್ತು ದಾಟಿದವರು ಬಿಪಿ, ಶುಗರ್ ನೋಡಿಸಿಕೊಳ್ಳಿ, ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಕೇಳದೆ ಬಿಡಬೇಡಿ. ಇಷ್ಟೇ, ನಮ್ಮ ಕಡೆಯ ಮಾತಿನಲ್ಲಿ. ಅಜ್ಜಿ ಮತ್ತೆ ಮಾತ್ರೆ ಶುರು ಮಾಡಿದರು. ಟೀವಿಯಲ್ಲಿ ಕೆಟ್ಟ ಮಾತನ್ನು ನಿಲ್ಲಿಸಿದರೆ ಸಾಲದು, ಅದೇ ಜಾಗದಲ್ಲಿ ಒಳ್ಳೆಯ ಮಾತು ಬರಬೇಕು. ಆ ಜಾಗ ಖಾಲಿ ಇದ್ದರೆ ಇನ್ನೊಬ್ಬ ಪುಡಿಯವನು ಬರುತ್ತಾನೆ.

ಇನ್ನೊಂದು ಪ್ರಕರಣ ಮದುವೆ ಶುಭಾಶಯದ್ದು. ಲೋಕಲ್ ಚಾನೆಲ್‌ನಲ್ಲಿ ಕೆಳಗೆ ಪಟ್ಟಿ ಓಡುತ್ತೆ ನೋಡಿ, ಹುಡುಗ ಹುಡುಗಿ ಫೋಟೋ ಹಾಕಿ. ಚಳ್ಳಕೆರೆ ಕಡೆಯ ಹೈಸ್ಕೂಲ್ ಟೀಚರೊಬ್ಬರು ಮನೆಯಲ್ಲಿ ಊಟ ಮಾಡುತ್ತಾ ನೋಡಿದರಂತೆ. ಪಟ್ಟಿಯಲ್ಲಿದ್ದ ಮದುಮಗಳು ಅವರದೇ ಒಂಬತ್ತನೇ ಕ್ಲಾಸಿನ ಹುಡುಗಿ. ವರದಕ್ಷಿಣೆ, ಬಾಲ್ಯವಿವಾಹದಂಥ ಪಿಡುಗುಗಳನ್ನು ಜಾಹೀರಾತಿಗೆ ಬಳಸಿಕೊಳ್ಳಬಾರದು ಅನ್ನೋ ಮಾತೂ ಆ 7ನೇ ನಿಯಮದಲ್ಲೇ ಇದೆ. ಐದನೇ ಗುರಿ ಕೇಳುವುದೂ ಬಾಲ್ಯವಿವಾಹ ಪೂರ್ತಿ ನಿಲ್ಲಬೇಕು ಅಂತಲೇ. ಆದರೆ ಅವತ್ತು ನಿಯಮದ ಚರ್ಚೆಗೆ ಹೊತ್ತಿರಲಿಲ್ಲ. ಟೀಚರ್ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು, ಆಮೇಲೆ ನಮಗೆ. ಮದುವೆ ನಿಂತಿತು. ಅದಾದ ಮೇಲೆ ಮದುವೆ ಪಟ್ಟಿ ಹಾಕುವ ಮೊದಲು ವಯಸ್ಸಿನ ದಾಖಲೆ ಕೇಳಿ ಅಂತ ಕೇಬಲ್‌ನವರಿಗೆ ಹೇಳಿದೆವು. ಕೆಲವರು ಕೇಳುತ್ತಾರೆ, ಕೆಲವರು ಇಲ್ಲ.

ದೊಡ್ಡ ಚಾನೆಲ್‌ಗಳ ವಿಷಯ ಬೇರೆ. ಉಪಗ್ರಹ ವಾಹಿನಿಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಹಾಕಬೇಕು ಅಂತ 2022ರ ಮಾರ್ಗಸೂಚಿ ಹೇಳಿತು. 2023ರಿಂದ ಅದು ಜಾರಿಯಲ್ಲಿದೆ. ಶಿಕ್ಷಣ, ಕೃಷಿ, ಆರೋಗ್ಯ, ವಿಜ್ಞಾನ, ಹೆಣ್ಣುಮಕ್ಕಳು, ದುರ್ಬಲ ವರ್ಗ, ಪರಿಸರ, ರಾಷ್ಟ್ರೀಯ ಐಕ್ಯತೆ ಅಂತ ವಿಷಯಗಳನ್ನೂ ಹೆಸರಿಸಿದ್ದಾರೆ. ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಆ ಷರತ್ತು ನನಗೆ ತುಂಬಾ ಹಿಡಿಸಿತು. ಹಿಡಿಸದೆ ಇರುವುದು ಒಂದೇ. ಎಷ್ಟು ನಿಮಿಷ ಹಾಕಿದೆವು ಅಂತ ವರದಿ ಕೊಡುವವರು ಚಾನೆಲ್‌ನವರೇ. ನೋಡುವ ನಮ್ಮನ್ನು ಯಾರೂ ಕೇಳುವುದಿಲ್ಲ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳಿರುವ ಜಿಲ್ಲೆ ಇದು. ಈರುಳ್ಳಿ ಬೆಲೆ ಬಿದ್ದರೆ ಹೊಲದಲ್ಲೇ ಬಿಡುವ ರೈತರಿರುವ ಜಿಲ್ಲೆ. ಆ 30 ನಿಮಿಷದಲ್ಲಿ ಇದು ಎಷ್ಟು ಸಲ ಬಂತು ಅಂತ ನೀವೇ ಒಂದು ವಾರ ಬರೆದಿಟ್ಟು ನೋಡಿ.

ಕಿವಿ ಕೇಳದವರಿಗೆ ಅಂತ 2019ರಲ್ಲಿ ಮಾನದಂಡ ಬಂದಿದೆ. ಸುದ್ದಿ ವಾಹಿನಿಗಳು ದಿನಕ್ಕೊಂದು ಬುಲೆಟಿನ್‌ಗಾದರೂ ಸಂಜ್ಞೆ ಭಾಷೆ ಅಥವಾ ಮಾತನ್ನು ಪರದೆ ಮೇಲೆ ಅಕ್ಷರದಲ್ಲಿ ಕೊಡಬೇಕು. ದಿನಕ್ಕೊಂದು ಸಾಲದು ಅನ್ನೋದು ನನ್ನ ಅಭಿಪ್ರಾಯ. ಆದರೂ ಹಿಡಿದುಕೊಂಡು ಕೇಳಲಿಕ್ಕೆ ಒಂದು ಕಾಗದ ಇದೆ.

ಇನ್ನು ರೇಡಿಯೋ. ಕೃಷಿ ವಿಜ್ಞಾನ ಕೇಂದ್ರಗಳೂ ಸಮುದಾಯ ಬಾನುಲಿ ನಡೆಸಬಹುದು ಅಂತ 2006ರಲ್ಲೇ ಸರ್ಕಾರ ದಾರಿ ತೆರೆಯಿತು. ಅರ್ಧದಷ್ಟಾದರೂ ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ. ಶೇಂಗಾ ಬಿತ್ತುವ ಮೊದಲು ಏನು ಮಾಡಬೇಕು, ಜೋಳದ ಸೈನಿಕ ಹುಳುವಿಗೆ ಏನು ಹೊಡೀಬೇಕು ಅನ್ನೋದನ್ನು ಪಕ್ಕದೂರಿನ ರೈತನ ಬಾಯಲ್ಲೇ ಕೇಳಿಸಿದರೆ ಅದಕ್ಕಿಂತ ಒಳ್ಳೆಯ ಪ್ರಸಾರ ಯಾವುದಿದೆ?

ದೂರು ಕೊಡಬೇಕು ಅಂತಿರುವವರಿಗೆ ಹೀಗೆ ಹೇಳುತ್ತೇನೆ. ಲೋಕಲ್ ಕೇಬಲ್ ಚಾನೆಲ್ ಆದರೆ ಡಿಸಿ ಆಫೀಸಿಗೆ ಕೊಡಿ. ಉಪಗ್ರಹ ವಾಹಿನಿ ಆದರೆ ಮೊದಲು ಆ ವಾಹಿನಿಗೇ ಬರೆಯಿರಿ. 2021ರ ನಿಯಮದಂತೆ ಅವರು 15 ದಿನದಲ್ಲಿ ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದಿದ್ದರೆ ಮತ್ತೆ 15 ದಿನದೊಳಗೆ ವಾಹಿನಿಗಳೇ ಸೇರಿ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು. "ಅಸಹ್ಯವಾಗಿತ್ತು, ಕ್ರಮ ತಗೊಳ್ಳಿ" ಅಂತ ಸುಮ್ನೆ ಬರೆದರೆ ಫೈಲ್ ಮುಂದೆ ಹೋಗುವುದಿಲ್ಲ. ಚಾನೆಲ್ ಹೆಸರು, ತಾರೀಕು, ಎಷ್ಟು ಗಂಟೆಗೆ, ಏನು ಹೇಳಿದರು, ಅದರಿಂದ ಯಾರಿಗೆ ಏನಾಯಿತು ಅಂತ ಬರೆಯಿರಿ. ಮೊಬೈಲ್‌ನಲ್ಲಿ ಹಿಡಿದ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಬಿಳಿ ಹಾಳೆ ಸಾಕು, ಕನ್ನಡ ಸಾಕು. ಎರಡು ಪ್ರತಿ ಮಾಡಿ ಒಂದನ್ನು ಟಪಾಲಿನಲ್ಲಿ ಕೊಡಿ, ಇನ್ನೊಂದಕ್ಕೆ ಸೀಲ್ ಹಾಕಿಸಿಕೊಂಡು ಮನೆಯಲ್ಲಿಡಿ.