ಬಾಟಲಿಯಲ್ಲಿ ಹುಟ್ಟಿದ ಬಾಳೆ: ತೋಟದ ಭೇಟಿಯ ಟಿಪ್ಪಣಿ

ನಂಜನಗೂಡಿನ ಬಳಿಯ ಒಂದು ಕುಟುಂಬದ ಬಾಳೆತೋಟಕ್ಕೂ ಅದೇ ಮನೆಯವರ ಅಂಗಾಂಶ ಕೃಷಿ (ಗಿಡದ ಚಿಕ್ಕ ತುಣುಕಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ) ಪ್ರಯೋಗಾಲಯಕ್ಕೂ ನಮ್ಮ ತರಗತಿಯವರೆಲ್ಲ ಹೋಗಿದ್ದೆವು. ಬರಲಾಗದವರಿಗಾಗಿ ಈ ಟಿಪ್ಪಣಿ.

ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ಗೆಡ್ಡೆಯಿಂದ ಏಳುವ ಕಂದಿನಿಂದಲೇ ವಂಶ ಬೆಳೆಯಬೇಕು. ತಾಯಿಗೆ ರೋಗವಿದ್ದರೆ ಕಂದಿನ ಜೊತೆ ಅದೂ ಹೊಸ ಹೊಲ ಸೇರುತ್ತದೆ. ಪ್ರಯೋಗಾಲಯದ ಸಸಿಗೆ ಬೇಡಿಕೆ ಬಂದದ್ದು ಮುಖ್ಯವಾಗಿ ಇದರಿಂದ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಅಲ್ಲಿನ ಅಕ್ಕ ಕಂದಿನ ಪೊರೆಗಳನ್ನು ಈರುಳ್ಳಿಯಂತೆ ಸುಲಿದು, ನಡುವಿನ ಬೆಳೆಯುವ ತುದಿಯನ್ನಷ್ಟೇ ಉಳಿಸಿಕೊಂಡರು. ಅದನ್ನು ಸೋಂಕುನಾಶಕದಲ್ಲಿ ತೊಳೆದು ಬಾಟಲಿಯ ಮಾಧ್ಯಮದ ಮೇಲೆ ಇಡುತ್ತಾರೆ. ಮಾಧ್ಯಮವೆಂದರೆ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು 1962ರಲ್ಲಿ ಪ್ರಕಟಿಸಿದ ಲವಣಗಳ ಮಿಶ್ರಣ, ಲೀಟರಿಗೆ 30 ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್. ಗಿಡಕ್ಕೆ ಸಕ್ಕರೆ ಏಕೆ? ಬಾಟಲಿಯೊಳಗೆ ಅದು ತನ್ನ ಅಡುಗೆಯನ್ನು ತಾನೇ ಸರಿಯಾಗಿ ಮಾಡಿಕೊಳ್ಳಲಾರದು. ಆದರೆ ಆ ಸಕ್ಕರೆ ಬೂಷ್ಟಿಗೂ ಹಬ್ಬದೂಟ. ಅದಕ್ಕೇ ಮಾಧ್ಯಮವನ್ನು ಒತ್ತಡದ ಹಬೆಯ ಪಾತ್ರೆಯಾದ ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಅಷ್ಟಾದರೂ ಮೂಲೆಯ ಒಂದು ಬಾಟಲಿಯಲ್ಲಿ ಬಿಳಿ ಹತ್ತಿಯಂಥದ್ದು ಹಬ್ಬಿತ್ತು. ಅಕ್ಕ ಮುಚ್ಚಳ ತೆಗೆಯದೆ ಅದನ್ನು ಹಾಗೆಯೇ ಬೇರೆ ಬುಟ್ಟಿಗೆ ಹಾಕಿದರು.

ಮಾಧ್ಯಮಕ್ಕೆ ಎರಡು ಬಗೆಯ ಸಸ್ಯ ಹಾರ್ಮೋನುಗಳನ್ನೂ ಬೆರೆಸುತ್ತಾರೆ: ಸೈಟೋಕೈನಿನ್ ಮೇಲುಗೈಯಾದರೆ ಚಿಗುರು, ಆಕ್ಸಿನ್ ಮೇಲುಗೈಯಾದರೆ ಬೇರು. ನಾನು ಪ್ರತಿ ಸಲ ತಿರುವುಮುರುವು ಮಾಡುತ್ತಿದ್ದೆ. ಈಗ ಆಕ್ಸಿನ್‌ನ ‘ಆ’ ಎಂದರೆ ಆಳಕ್ಕಿಳಿಯುವುದು ಎಂದು ಗುರುತಿಟ್ಟುಕೊಂಡಿದ್ದೇನೆ. ಚಿಗುರುಗಳನ್ನು ಬಿಡಿಸಿ ಹೊಸ ಮಾಧ್ಯಮಕ್ಕೆ ಇಡುವುದು ಒಂದು ಸುತ್ತು. ಒಂದು ಚಿಗುರು ಪ್ರತಿ ಸುತ್ತಿಗೆ ಮೂರಾದರೆ ಆರು ಸುತ್ತಿಗೆ 729. ಹಾಗಾದರೆ ನಿಲ್ಲಿಸುವುದೇಕೆ ಎಂದು ಗೆಳತಿ ಕೇಳಿದಳು. ಸುತ್ತು ಹೆಚ್ಚಿದಷ್ಟೂ ಕುಳ್ಳಗಿನ, ಎಲೆ ವಿಕಾರವಾದ, ತಾಯಿಯನ್ನು ಹೋಲದ ಗಿಡಗಳು ಹೆಚ್ಚುತ್ತವೆ. “ಎಂಟರಾಚೆ ಹೋಗುವುದಿಲ್ಲ. ಹೋದರೆ ಗೊನೆ ಬರುವ ಹೊತ್ತಿಗೆ ರೈತರು ನಮ್ಮನ್ನು ಹುಡುಕಿಕೊಂಡು ಬರುತ್ತಾರಮ್ಮ,” ಎಂದು ಅಕ್ಕ ನಕ್ಕರು.

ಬಾಟಲಿಯ ಸಸಿಯ ಎಲೆಗೆ ಮೇಣದ ಲೇಪ ತೆಳು, ಪತ್ರರಂಧ್ರಗಳೂ ಸರಿಯಾಗಿ ಮುಚ್ಚುವುದಿಲ್ಲ. ನೇರ ಬಿಸಿಲಿಗಿಟ್ಟರೆ ಸಂಜೆಯೊಳಗೆ ಬಾಡುತ್ತದೆ. ಆದ್ದರಿಂದ ಮೊದಲು ತೇವ ಹೆಚ್ಚಿರುವ ಮನೆಯೊಳಗೆ ತೆಂಗಿನ ನಾರಿನ ಪುಡಿಯಲ್ಲಿ, ಆಮೇಲೆ ನೆರಳುಬಲೆಯ ಕೆಳಗೆ ಚೀಲಗಳಲ್ಲಿ ಬೆಳೆಸಿ ಹದಗೊಳಿಸುತ್ತಾರೆ.

ಇನ್ನು ತೋಟ. ನನಗೆ ನಿಜವಾಗಿ ಪಾಠವಾದದ್ದು ಇಲ್ಲಿ. ರಸಬಾಳೆಯ ಒಂದು ಗಿಡದ ಕೆಳಗಿನ ಎಲೆಗಳು ಹಳದಿಯಾಗಿ, ತೊಟ್ಟಿನ ಬಳಿ ಮುರಿದು, ಕಾಂಡದ ಸುತ್ತ ಲಂಗದಂತೆ ಜೋತುಬಿದ್ದಿದ್ದವು. ತೋಟದ ಮನೆಯ ಅಜ್ಜ ಅದರ ಬುಡವನ್ನು ಅಡ್ಡಡ್ಡ ಕಡಿದು ತೋರಿಸಿದರು: ಬಿಳಿ ಇರಬೇಕಾದ ಕಡೆ ಕೆಂಗಂದು ಚುಕ್ಕೆಗಳ ಬಳೆ. ಪನಾಮ ಸೊರಗು ರೋಗ, ಫ್ಯುಸೇರಿಯಮ್ ಶಿಲೀಂಧ್ರದ ಕೆಲಸ.

“ಈ ಗಿಡವೂ ಬಾಟಲಿಯಿಂದ ಬಂದದ್ದೇ ಮಕ್ಕಳೇ,” ಎಂದರು ಅಜ್ಜ.

ಪರೀಕ್ಷೆಯಲ್ಲಿ ನಾವು ತಪ್ಪುವುದು ಇಲ್ಲೇ. ‘ರೋಗಮುಕ್ತ’ ಬೇರೆ, ‘ರೋಗನಿರೋಧಕ’ ಬೇರೆ. ಸಸಿ ಸ್ವಚ್ಛವಾಗಿ ಬಂದರೂ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತದೆ, ಬೇರಿನಿಂದ ಒಳನುಗ್ಗುತ್ತದೆ. ನಂಜನಗೂಡು ರಸಬಾಳೆ ತವರಿನಲ್ಲೇ ಅಪರೂಪವಾಗಲು ಈ ರೋಗವೇ ದೊಡ್ಡ ಕಾರಣ. ಪಕ್ಕದ ತಾಕಿನ ಜಿ-9 (ಕ್ಯಾವೆಂಡಿಶ್ ಗುಂಪಿನ ಬಾಳೆ ತಳಿ) ಮಾತ್ರ ಜಗ್ಗದೆ ನಿಂತಿತ್ತು: ಆ ಗುಂಪಿಗೆ ಈ ಶಿಲೀಂಧ್ರದ ಒಂದನೆಯ ಪ್ರಭೇದ ತಾಗದು. ಆದರೆ ಟಿಆರ್4 (ಟ್ರಾಪಿಕಲ್ ರೇಸ್ 4) ಎಂಬ ಇದೇ ಶಿಲೀಂಧ್ರದ ಇನ್ನೊಂದು ಪ್ರಭೇದ ಅದನ್ನೂ ಬಿಡುವುದಿಲ್ಲ, ಅದು ಭಾರತಕ್ಕೂ ಬಂದಾಗಿದೆ.

ಹೊರಡುವಾಗ ಅಜ್ಜ ಗೇಟಿನ ಬಳಿ ಎಲ್ಲರ ಚಪ್ಪಲಿಯ ಮಣ್ಣನ್ನು ಕಡ್ಡಿಯಿಂದ ಕೆರೆಸಿ, ತೊಳೆಸಿದ ಮೇಲೆಯೇ ಬಿಟ್ಟರು. ತಡವಾಯಿತೆಂದು ಬಸ್ಸಿನ ಚಾಲಕರು ಗೊಣಗುತ್ತಿದ್ದರು. ಅಜ್ಜ ಅವರ ಚಪ್ಪಲಿಯನ್ನೂ ಬಿಡಲಿಲ್ಲ.